ಫಲಕ ಹಿಡಿದ ಹುಡುಗಿಯನ್ನು ಮನೆಗೆ ಕಳಿಸಿದ್ದು ಯಾರು?

ರೇಸ್ ಕಾರಿನ ಮುಂದೆ ನಗುತ್ತಾ ನಿಲ್ಲುತ್ತಿದ್ದ ಸುಂದರಿಯರು ಒಂದೇ ಒಂದು ಪ್ರಕಟಣೆಯಲ್ಲಿ ಮಾಯ! ಅದು ಹೆಣ್ಣಿಗೆ ಸಿಕ್ಕ ಮರ್ಯಾದೆಯೋ, ಅವಳ ಹೊಟ್ಟೆಯ ಮೇಲೆ ಬಿದ್ದ ಏಟೋ?

ಹೀರೋ ತೆರೆಯ ಮೇಲೆ ಬರುವ ಮುಂಚೆ ಏನೇನು ಬರುತ್ತೆ, ಹೇಳಿ ನೋಡೋಣ!

ಮೊದಲು ಧೂಳು. ಆಮೇಲೆ ಬೂಟು. ಆಮೇಲೆ ಎಲ್ಲಿಂದಲೋ ಬೀಸುವ ಗಾಳಿ. ಹಾಡಿನ ಸೀನಾದರೆ ಎರಡು ಸಾಲು ಹುಡುಗಿಯರು ಬಂದು, ಎಡಕ್ಕೊಂದು ಬಲಕ್ಕೊಂದು ಹೆಜ್ಜೆ ಹಾಕಿ, ನಡುವೆ ಜಾಗ ಬಿಟ್ಟು ಸರಿದು ನಿಲ್ಲುತ್ತಾರೆ. ಆ ಜಾಗದಿಂದ ನಮ್ಮ ಹೀರೋ ನಡೆದು ಬರುತ್ತಾನೆ. ಥಿಯೇಟರಿನಲ್ಲಿ ಶಿಳ್ಳೆಯೋ ಶಿಳ್ಳೆ! ಸರಿ, ಆ ಎರಡು ಸಾಲಿನ ಹುಡುಗಿಯರಲ್ಲಿ ಒಬ್ಬಳ ಮುಖವಾದರೂ ನಿಮಗೆ ನೆನಪಿದೆಯೇ? ಇರಲಿಕ್ಕಿಲ್ಲ. ನೆನಪಿರಲಿ ಅಂತ ಅವರನ್ನು ಯಾರೂ ಅಲ್ಲಿ ನಿಲ್ಲಿಸಿರುವುದೂ ಇಲ್ಲ.

ಫಾರ್ಮುಲಾ ಒನ್ ಕಾರ್ ರೇಸಿನಲ್ಲೂ ಹೀಗೇ ನಡೆಯುತ್ತಿತ್ತು. ಕಾರುಗಳು ಓಡುವ ಮುಂಚೆ ಸಾಲಾಗಿ ನಿಲ್ಲುವ ಜಾಗಕ್ಕೆ ಗ್ರಿಡ್ ಅಂತ ಹೆಸರು. ಪ್ರತಿ ಕಾರಿನ ಮುಂದೆ ಒಬ್ಬಳು ಹುಡುಗಿ. ಮೈಗೆ ಅಂಟಿದ ಉಡುಪು, ಅದರ ಮೇಲೆ ಕಂಪೆನಿಯ ಹೆಸರು, ಕೈಯಲ್ಲಿ ಚಾಲಕನ ನಂಬರಿನ ಫಲಕ, ಮುಖದಲ್ಲಿ ಬಿಸಿಲಿಗೂ ಬಾಡದ ನಗು. ರೇಸ್ ಮುಗಿದ ಮೇಲೆ ಗೆದ್ದವನು ವೇದಿಕೆಗೆ ಹೋಗುವ ದಾರಿಯಲ್ಲಿ ಎರಡು ಬದಿ ನಿಂತು ಚಪ್ಪಾಳೆ ತಟ್ಟುವವರೂ ಇವರೇ. ಇವರಿಗೆ ಗ್ರಿಡ್ ಗರ್ಲ್ಸ್ ಎಂದು ಕರೆಯುತ್ತಿದ್ದರು.

2018ರ ಜನವರಿ 31ರಂದು ಫಾರ್ಮುಲಾ ಒನ್ ಆಡಳಿತ ಒಂದು ಪ್ರಕಟಣೆ ಹೊರಡಿಸಿತು. ಈ ಸೀಸನ್ನಿನಿಂದ ಗ್ರಿಡ್ ಗರ್ಲ್ಸ್ ಇರುವುದಿಲ್ಲ. ಖಲಾಸ್! ದಶಕಗಳಿಂದ ನಡೆದುಬಂದಿದ್ದ ಪದ್ಧತಿಗೆ ಅರ್ಧ ಪುಟದಲ್ಲಿ ಮಂಗಳ ಹಾಡಿ ಮುಗಿಸಿದರು. ಅವರ ಜಾಗಕ್ಕೆ ಬಂದವರು ಚಿಕ್ಕ ಮಕ್ಕಳು. ಗೋ-ಕಾರ್ಟ್ ಓಡಿಸುವ, ಮುಂದೆ ರೇಸ್ ಚಾಲಕರಾಗುವ ಕನಸು ಕಾಣುವ ಹುಡುಗ ಹುಡುಗಿಯರು.

ಸುದ್ದಿ ಬಂದಾಗ ನಮ್ಮ ಚಹಾ ಅಂಗಡಿಯ ಗುಂಪಿನಲ್ಲಿ ಎರಡು ಪಕ್ಷವಾಯಿತು. ಒಳ್ಳೇದಾಯ್ತು ಬಿಡಿ, ಹೆಣ್ಣುಮಕ್ಕಳನ್ನ ಷೋಕೇಸ್ ಬೊಂಬೆ ಮಾಡಿದ್ದರು ಅಂದರು ಕೆಲವರು. ಅಯ್ಯೋ, ಪಾಪ, ಅವರ ಅನ್ನಕ್ಕೆ ಕಲ್ಲು ಹಾಕಿದರಲ್ರೀ ಅಂದರು ಇನ್ನು ಕೆಲವರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಈ ಕಥೆಯಲ್ಲಿ ಎಲ್ಲರೂ ಮಾತಾಡಿದರು, ತೀರ್ಮಾನವನ್ನೂ ಮಾಡಿದರು. ಫಲಕ ಹಿಡಿದವಳನ್ನು ಮಾತ್ರ ಯಾರೂ ಕೇಳಲಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಒಂದೇ ವಾರದಲ್ಲಿ ಎರಡು ಏಟು

ಆ ಜನವರಿ ಸಾಮಾನ್ಯ ಜನವರಿಯಲ್ಲ. ಮೂರು ತಿಂಗಳ ಹಿಂದೆ, 2017ರ ಅಕ್ಟೋಬರಿನಲ್ಲಿ, ಹಾಲಿವುಡ್ಡಿನ ದೊಡ್ಡ ನಿರ್ಮಾಪಕ ಹಾರ್ವೆ ವೈನ್‌ಸ್ಟೀನ್‌ನ ಬಣ್ಣ ಬಯಲಾಗಿತ್ತು. ನಟಿಯರು ಒಬ್ಬರ ಹಿಂದೆ ಒಬ್ಬರು ಬಾಯಿ ಬಿಟ್ಟಿದ್ದರು. ‘ನನಗೂ ಆಗಿದೆ’ ಎಂಬ ಕೂಗು ಊರೂರು ಸುತ್ತುತ್ತಿತ್ತು. ಅದರ ಬಿಸಿ ಆರುವ ಮೊದಲೇ ಲಂಡನ್ನಿನಲ್ಲಿ ಇನ್ನೊಂದು ಸ್ಫೋಟ. ಅಲ್ಲಿನ ಡಾರ್ಚೆಸ್ಟರ್ ಹೋಟೆಲಿನಲ್ಲಿ ಗಂಡಸರಿಗೆ ಮಾತ್ರ ಎಂದು ಏರ್ಪಡಿಸಿದ್ದ ಧರ್ಮಾರ್ಥ ಔತಣಕ್ಕೆ 130 ಹುಡುಗಿಯರನ್ನು ಕರೆಸಿ, ಕಪ್ಪು ಗಿಡ್ಡ ಉಡುಪು ತೊಡಿಸಿ ಉಪಚಾರಕ್ಕೆ ಬಿಟ್ಟಿದ್ದರು. ಅವರಲ್ಲಿ ಹಲವರ ಮೈ ಮುಟ್ಟಿ ಕಾಡಿದರು ಎಂದು ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಬರೆಯಿತು. ಮರುದಿನವೇ ಆ ಸಂಸ್ಥೆ ಬಾಗಿಲು ಮುಚ್ಚುವುದಾಗಿ ಹೇಳಿತು.

ಕೆಲವೇ ದಿನಗಳಲ್ಲಿ ಮೊದಲ ಏಟು ಬಿದ್ದದ್ದು ಡಾರ್ಟ್ಸ್ ಆಟದ ಮೇಲೆ. ಗೋಡೆಯ ಚಕ್ರಕ್ಕೆ ಮುಳ್ಳು ಎಸೆಯುವ ಆಟ ಅದು. ಇಂಗ್ಲೆಂಡಿನಲ್ಲಿ ನಮ್ಮ ಕಬಡ್ಡಿಯ ಹಾಗೆ ಜನರ ಪ್ರೀತಿಯ ಆಟ. ಆಟಗಾರ ಸಂಗೀತದ ಅಬ್ಬರದ ನಡುವೆ ಒಳಗೆ ಬರುವಾಗ ಅವನ ಪಕ್ಕದಲ್ಲಿ ಸುಂದರಿಯರು ನಡೆದು ಬರುತ್ತಿದ್ದರು. ಥೇಟ್ ನಮ್ಮ ಹೀರೋ ಎಂಟ್ರಿ! ಜನವರಿ 27ರಂದು ಅದನ್ನು ನಡೆಸುವ ಪಿ.ಡಿ.ಸಿ. ಸಂಸ್ಥೆ, ಟಿವಿಯವರ ಜೊತೆ ಮಾತಾಡಿದ ಮೇಲೆ, ಇನ್ನು ಈ ನಡಿಗೆ ಬೇಡ ಅಂದಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ಫಾರ್ಮುಲಾ ಒನ್ ಪ್ರಕಟಣೆ.

ಇವರೇ ಮೊದಲಿಗರೇನೂ ಅಲ್ಲ. ದೂರದ ಓಟದ ಕಾರ್ ರೇಸುಗಳ ವಿಶ್ವ ಪಂದ್ಯಾವಳಿ 2015ರಲ್ಲೇ ಗ್ರಿಡ್ ಗರ್ಲ್ಸ್‌ಗೆ ವಿದಾಯ ಹೇಳಿತ್ತು. ಆಸ್ಟ್ರೇಲಿಯಾದ ಸೈಕಲ್ ರೇಸ್ ಟೂರ್ ಡೌನ್ ಅಂಡರ್‌ನಲ್ಲಿ 2017ರಿಂದ ವೇದಿಕೆಯ ಸುಂದರಿಯರ ಬದಲು ಎಳೆಯ ಸೈಕಲ್ ಸವಾರರು ಬಂದರು. ಆಮೇಲೆ 2020ರಲ್ಲಿ ಸೈಕಲ್ ರೇಸುಗಳ ತಾತ, ಫ್ರಾನ್ಸಿನ ಟೂರ್ ಡಿ ಫ್ರಾನ್ಸ್ ಕೂಡ ಬದಲಾಯಿತು. ಹಳದಿ ಅಂಗಿಯ ವೀರನ ಎರಡು ಬದಿಗೂ ಹುಡುಗಿಯರು ನಿಲ್ಲುತ್ತಿದ್ದ ಜಾಗದಲ್ಲಿ ಒಬ್ಬಳು ಹೆಣ್ಣು, ಒಬ್ಬ ಗಂಡು.

ಇಲ್ಲೊಂದು ತಮಾಷೆ ಗಮನಿಸಿ. ಫಾರ್ಮುಲಾ ಒನ್ ಪ್ರಕಟಣೆಗೆ ಸಹಿ ಬಿದ್ದದ್ದು ಷಾನ್ ಬ್ರಾಚಸ್ ಎಂಬವರ ಹೆಸರಿನಲ್ಲಿ. ಈ ಪದ್ಧತಿ ನಮ್ಮ ಬ್ರ್ಯಾಂಡಿನ ಮೌಲ್ಯಕ್ಕೆ ಹೊಂದುವುದಿಲ್ಲ, ಇಂದಿನ ಸಮಾಜದ ನಡೆಗೂ ಒಗ್ಗುವುದಿಲ್ಲ ಅನ್ನುವುದು ಅವರ ಮಾತಿನ ಸಾರ. ಈ ಮಹಾಶಯರ ಹುದ್ದೆ ಏನು ಗೊತ್ತೇ? ವ್ಯಾಪಾರ ವಿಭಾಗದ ಮುಖ್ಯಸ್ಥರು! 2017ರಲ್ಲಿ ಲಿಬರ್ಟಿ ಮೀಡಿಯಾ ಎಂಬ ಅಮೆರಿಕದ ಕಂಪೆನಿ ಫಾರ್ಮುಲಾ ಒನ್ ಅನ್ನು ಕೊಂಡುಕೊಂಡಿತ್ತು. ಹೊಸ ಯಜಮಾನರಿಗೆ ಅಪ್ಪ, ಅಮ್ಮ, ಮಗಳು ಎಲ್ಲ ಕೂತು ನೋಡುವ ಆಟ ಬೇಕಾಗಿತ್ತು. ನಿರ್ಮಾಪಕರು ‘ಫ್ಯಾಮಿಲಿ ಆಡಿಯೆನ್ಸ್ ಬರಬೇಕು’ ಅಂತ ಕ್ಯಾಬರೆ ಹಾಡಿಗೆ ಕತ್ತರಿ ಹಾಕುವುದಿಲ್ಲವೇ, ಅದೇ ಲೆಕ್ಕ. ಹುಡುಗಿಯರನ್ನು ನಿಲ್ಲಿಸಿದ್ದೂ ವ್ಯಾಪಾರಕ್ಕೆ, ಕಳಿಸಿದ್ದೂ ವ್ಯಾಪಾರಕ್ಕೆ.

ಅತ್ತ ಲಾಡಾ, ಇತ್ತ ಮಹಿಳಾ ಸಂಘ

ಕೆಲಸ ಹೋದ ಹುಡುಗಿಯರು ಸುಮ್ಮನೆ ಕೂರಲಿಲ್ಲ. ಇದು ನಾವೇ ಇಷ್ಟಪಟ್ಟು ಆರಿಸಿಕೊಂಡ ಕೆಲಸ, ಯಾರೂ ನಮ್ಮ ಕುತ್ತಿಗೆ ಹಿಡಿದು ನಿಲ್ಲಿಸಿಲ್ಲ, ಹೆಣ್ಣಿನ ಹಕ್ಕಿನ ಹೆಸರಿನಲ್ಲಿ ಹೆಣ್ಣಿನ ಕೆಲಸ ಕಿತ್ತುಕೊಳ್ಳುವುದು ಯಾವ ನ್ಯಾಯ ಎಂದು ಬಹಿರಂಗವಾಗಿಯೇ ಕೇಳಿದರು. ಡಾರ್ಟ್ಸ್ ಸುಂದರಿಯರ ಪರವಾಗಿ ಸಹಿ ಸಂಗ್ರಹವೂ ನಡೆಯಿತು.

ಅವರ ಬೆಂಬಲಕ್ಕೆ ನಿಂತವರಲ್ಲಿ ನಿಕಿ ಲಾಡಾ ಒಬ್ಬರು. 2013ರ ‘ರಷ್’ ಚಿತ್ರ ನೋಡಿದವರಿಗೆ ಈ ಹೆಸರು ಗೊತ್ತು. 1976ರಲ್ಲಿ ಬೆಂಕಿಯಲ್ಲಿ ಬೆಂದು, ಆರು ವಾರದಲ್ಲೇ ಮತ್ತೆ ಕಾರು ಹತ್ತಿದ ಗಂಡು! ಇದು ಹೆಂಗಸರ ವಿರುದ್ಧದ ತೀರ್ಮಾನ, ಹೆಂಗಸರನ್ನು ಕೇಳದೆ ಗಂಡಸರು ಮಾಡಿದ್ದು ಎಂಬರ್ಥದಲ್ಲಿ ಅವರು ಗುಡುಗಿದರು. ಹಳೆಯ ಯಜಮಾನ ಬರ್ನಿ ಎಕ್ಲೆಸ್ಟೋನ್ ಕೂಡ, ಹುಡುಗಿಯರಿದ್ದರೆ ತಪ್ಪೇನು, ಅವರೂ ಆ ವೈಭವದ ಒಂದು ಭಾಗ ತಾನೇ ಅಂದರು. ಎಕ್ಲೆಸ್ಟೋನ್ ಮಾತಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ, ಅವರು ಅಂಗಡಿ ನಡೆಸಿದವರು. ಲಾಡಾ ಕೇಳಿದ್ದನ್ನು ಮಾತ್ರ ತಳ್ಳಿಹಾಕುವುದು ಸುಲಭವಲ್ಲ.

ಇನ್ನೊಂದು ಕಡೆಯ ವಾದವೂ ಗಟ್ಟಿಯಾಗಿಯೇ ಇದೆ. ಬ್ರಿಟನ್ನಿನ ವಿಮೆನ್ಸ್ ಸ್ಪೋರ್ಟ್ ಟ್ರಸ್ಟ್ ಡಾರ್ಟ್ಸ್‌ನವರನ್ನು ಅಭಿನಂದಿಸಿ, ಬಾಕ್ಸಿಂಗ್, ಸೈಕಲ್ ರೇಸಿನವರೂ ಇದೇ ದಾರಿ ಹಿಡಿಯಲಿ ಎಂದಿತು. ಅವರ ಲೆಕ್ಕ ಹೀಗಿದೆ. ಟಿವಿ ಮುಂದೆ ಕೂತ ಹತ್ತು ವರ್ಷದ ಹುಡುಗಿಗೆ ಏನು ಕಾಣುತ್ತೆ? ಗಂಡಸು ಆಡುತ್ತಾನೆ, ಗೆಲ್ಲುತ್ತಾನೆ. ಹೆಂಗಸು ಚಪ್ಪಾಳೆ ತಟ್ಟುತ್ತಾಳೆ, ಹೂ ಕೊಡುತ್ತಾಳೆ, ಕೆನ್ನೆಗೆ ಮುತ್ತಿಡುತ್ತಾಳೆ. ದಿನವೂ ಇದನ್ನೇ ನೋಡಿದ ಮಗು ಮುಂದೆ ಏನಾಗಬೇಕು ಅಂದುಕೊಳ್ಳುತ್ತೆ?

ಕೆನ್ನೆಯ ಮುತ್ತು ಅಂದೆನಲ್ಲ, ಒಂದು ಘಟನೆ ಕೇಳಿ. 2013ರಲ್ಲಿ ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್ ಸೈಕಲ್ ರೇಸ್ ಮುಗಿದಿತ್ತು. ವೇದಿಕೆಯ ಮೇಲೆ ಒಬ್ಬಳು ಹುಡುಗಿ ಗೆದ್ದವನ ಕೆನ್ನೆಗೆ ಮುತ್ತಿಡುತ್ತಿದ್ದಳು. ಪಕ್ಕದಲ್ಲಿ ನಿಂತಿದ್ದ ಎರಡನೇ ಸ್ಥಾನದ ಪೀಟರ್ ಸಾಗಾನ್ ಹಿಂದಿನಿಂದ ಕೈ ಚಾಚಿ ಅವಳನ್ನು ಚಿವುಟಿಬಿಟ್ಟ! ಕ್ಯಾಮರಾಗಳ ಎದುರು, ಲೋಕವೇ ನೋಡುತ್ತಿರುವಾಗ. ಆಮೇಲೆ ಕ್ಷಮೆ ಕೇಳಿದ, ಅದು ಬೇರೆ ಮಾತು. ಆ ಕ್ಷಣ ಅವಳು ಏನು ಮಾಡಬಹುದಿತ್ತು? ತಿರುಗಿ ಕೆನ್ನೆಗೆ ಬಿಗಿಯಬಹುದಿತ್ತೇ? ಬಿಗಿದಿದ್ದರೆ ಮುಂದಿನ ರೇಸಿಗೆ ಅವಳನ್ನು ಯಾರು ಕರೆಯುತ್ತಿದ್ದರು? ನಗುತ್ತಲೇ ಇರುವುದು ಕೆಲಸದ ಷರತ್ತಾದರೆ, ಅವಮಾನವಾದಾಗಲೂ ನಗಬೇಕಾಗುತ್ತೆ.

ಹಾಗಂತ ಎಲ್ಲ ಘಟನೆಗೂ ಒಂದೇ ಬಣ್ಣ ಬಳಿಯಬೇಡಿ. 2015ರಲ್ಲಿ ಶಾಂಘೈಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಗೆದ್ದ ಖುಷಿಯಲ್ಲಿ ವೇದಿಕೆಯ ಹುಡುಗಿಯ ಮುಖಕ್ಕೇ ಷಾಂಪೇನ್ ಚಿಮ್ಮಿಸಿದ. ಫೋಟೋ ನೋಡಿ ಇಂಗ್ಲೆಂಡಿನಲ್ಲಿ ದೊಡ್ಡ ಗದ್ದಲ, ಕ್ಷಮೆ ಕೇಳು ಎಂಬ ಕೂಗು. ಆ ಹುಡುಗಿಯನ್ನೇ ಒಂದು ಚೀನೀ ಪತ್ರಿಕೆಯವರು ಕೇಳಿದರೆ, ಒಂದೆರಡು ಸೆಕೆಂಡಿನ ಮಾತು, ನಾನೇನೂ ಅಷ್ಟು ತಲೆ ಕೆಡಿಸಿಕೊಂಡಿಲ್ಲ ಎಂದಳು. ಅವಳ ಮೇಲೆ ಜಗಳವಾಡಿದವರಿಗೆ ಅವಳ ಮಾತು ಕೇಳಲು ಪುರಸೊತ್ತು ಆಗಿದ್ದು ಕೊನೆಯಲ್ಲಿ!

ಕ್ಯಾಬರೆ ಡ್ಯಾನ್ಸರುಗಳು ಎಲ್ಲಿ ಹೋದರು?

ಇದೇ ಕಥೆ ನಮ್ಮ ಸಿನಿಮಾದಲ್ಲೂ ನಡೆದು ಹೋಗಿದೆ. ಆವಾಗ ಯಾರೂ ಲೇಖನ ಬರೆಯಲಿಲ್ಲ, ಅಷ್ಟೇ.

ಎಪ್ಪತ್ತರ, ಎಂಬತ್ತರ ದಶಕದ ಚಿತ್ರ ನೆನೆಸಿಕೊಳ್ಳಿ. ವಿಲನ್ನನ ಅಡ್ಡಾ, ಬಣ್ಣದ ದೀಪ, ಗಾಜಿನ ಲೋಟ, ನಡುವೆ ಕ್ಲಬ್ ಡ್ಯಾನ್ಸ್. ಜ್ಯೋತಿಲಕ್ಷ್ಮಿ, ಅವರ ತಂಗಿ ಜಯಮಾಲಿನಿ, ಹಲಂ, ಸಿಲ್ಕ್ ಸ್ಮಿತಾ, ಡಿಸ್ಕೋ ಶಾಂತಿ. ಒಂದೇ ಒಂದು ಹಾಡಿಗಾಗಿ ಮೂರು ಸಲ ಟಿಕೆಟ್ ತೆಗೆದವರು ನಮ್ಮಲ್ಲಿ ಎಷ್ಟು ಜನ! ಪೋಸ್ಟರಿನಲ್ಲಿ ಅವರ ಚಿತ್ರ ದೊಡ್ಡದು, ಕಥೆಯಲ್ಲಿ ಅವರಿಗೆ ಹೆಸರೇ ಇಲ್ಲ. ಸಂಸಾರಸ್ಥರು ಬೈದರು, ಪತ್ರಿಕೆಗಳು ಬೈದವು, ಸೆನ್ಸಾರ್ ಕತ್ತರಿ ಆಡಿಸಿತು. ಕ್ಯಾಬರೆ ಸಿನಿಮಾದಿಂದ ಹೋಗಬೇಕು ಎಂಬ ಕೂಗು ವರ್ಷಗಟ್ಟಲೆ ನಡೆಯಿತು.

ಕೊನೆಗೆ ಕ್ಯಾಬರೆ ಡ್ಯಾನ್ಸರ್ ಹೋದಳು. ಹೆಣ್ಣಿಗೆ ಮರ್ಯಾದೆ ಕೊಡಬೇಕು ಅಂತ ಯಾರೂ ಅವಳನ್ನು ಕೈಬಿಟ್ಟದ್ದಲ್ಲ. ನಾಯಕಿಯೇ ಆ ಉಡುಪು ತೊಟ್ಟು, ಅದೇ ಹೆಜ್ಜೆ ಹಾಕಲು ಒಪ್ಪಿದಳು, ಆದ್ದರಿಂದ ಇವಳು ಬೇಡವಾದಳು. ಹಾಡು ಉಳಿಯಿತು, ಅದಕ್ಕೆ ‘ಐಟಂ ಸಾಂಗ್’ ಎಂಬ ಹೊಸ ಹೆಸರು ಬಂತು, ಸಂಭಾವನೆ ಲಕ್ಷ ಕೋಟಿಗೆ ಏರಿತು. ಹಳಬರ ಮನೆಯಲ್ಲಿ ಒಲೆ ಉರಿಯುತ್ತಿದೆಯೋ ಇಲ್ಲವೋ ನೋಡಲು ಯಾವ ನಿರ್ಮಾಪಕರೂ ಹೋಗಲಿಲ್ಲ. ಸಿಲ್ಕ್ ಸ್ಮಿತಾ 1996ರ ಸೆಪ್ಟೆಂಬರಿನಲ್ಲಿ ಮದ್ರಾಸಿನ ತಮ್ಮ ಮನೆಯಲ್ಲಿ ಹೆಣವಾದಾಗ ನಮಗೆಲ್ಲ ಅಯ್ಯೋ ಅನ್ನಿಸಿತು. ತಡವಾದ ಅಯ್ಯೋ!

ಮಹಾರಾಷ್ಟ್ರದ ಡ್ಯಾನ್ಸ್ ಬಾರುಗಳ ಕಥೆಯೂ ಕೇಳಿ. 2005ರಲ್ಲಿ ಅಲ್ಲಿನ ಸರ್ಕಾರ, ಹೆಣ್ಣುಮಕ್ಕಳ ಮಾನ ಕಾಪಾಡುತ್ತೇವೆ ಎಂದು ಬಾರುಗಳಲ್ಲಿ ನೃತ್ಯ ನಿಷೇಧಿಸಿತು. ಕುಣಿಯುತ್ತಿದ್ದ ಹೆಂಗಸರೇ ಬೀದಿಗಿಳಿದು ಪ್ರತಿಭಟಿಸಿದರು. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ನಿಷೇಧ ನಿಲ್ಲುವುದಿಲ್ಲ ಎಂದಿತು. ಕೆಲಸ ಕಳೆದುಕೊಂಡವರಲ್ಲಿ ಅನೇಕರು ಇನ್ನೂ ಕೆಟ್ಟ ದಾರಿಗೆ ಬೀಳಬೇಕಾಯಿತು, ರೋಗಕ್ಕಿಂತ ಮದ್ದೇ ಘೋರವಾಯಿತು ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ ಹಾಕಿದ ಹಾಗೆ ಎಂಟು ವರ್ಷ ಕಳೆದಿತ್ತು.

ಚಿನ್ನಸ್ವಾಮಿಯ ಆ ರಾತ್ರಿ

ಇನ್ನು ಆಟದ ಮೈದಾನದ ವಿಚಾರಕ್ಕೇ ಬರೋಣ. ಎಲ್ಲೋ ಪರದೇಶದ ಗಲಾಟೆ, ನಮಗೇನು ಅನ್ನಬೇಡಿ. 2008ರ ಏಪ್ರಿಲ್ 18. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಐ.ಪಿ.ಎಲ್.ನ ಮೊಟ್ಟಮೊದಲ ಪಂದ್ಯ. ಬ್ರೆಂಡನ್ ಮೆಕಲಂ 158 ಬಾರಿಸಿ ಔಟಾಗದೆ ಉಳಿದ, ನಮ್ಮವರು 82ಕ್ಕೆ ಗಂಟುಮೂಟೆ ಕಟ್ಟಿದರು. ಆ ದುಃಖವನ್ನು ಇಲ್ಲಿ ಕೆದಕುವುದಿಲ್ಲ. ಅದೇ ರಾತ್ರಿ ಬೌಂಡರಿ ಗೆರೆಯ ಆಚೆ ಅಮೆರಿಕದಿಂದ ಬಂದ ವಾಷಿಂಗ್ಟನ್ ರೆಡ್‌ಸ್ಕಿನ್ಸ್ ಫುಟ್‌ಬಾಲ್ ತಂಡದ ಚಿಯರ್‌ಲೀಡರುಗಳು ಕುಣಿದರು. ವಿಜಯ್ ಮಲ್ಯ ಕರೆಸಿದ್ದು. ಕ್ರಿಕೆಟ್ಟಿಗೆ ಸಿನಿಮಾ ಸೇರಿಕೊಂಡ ರಾತ್ರಿ ಅದು!

ಗದ್ದಲವೂ ಶುರುವಾಯಿತು. ಮುಂಬೈ ಕಡೆ ರಾಜಕಾರಣಿಗಳು ಅಶ್ಲೀಲ ಎಂದು ಹರಿಹಾಯ್ದರು, ಉಡುಪು ಉದ್ದ ಮಾಡಿ ಎಂದರು. 2011ರಲ್ಲಿ ಪುಣೆ ತಂಡದವರು ಭಾರತೀಯ ನೃತ್ಯದ ಉಡುಪಿನ ಹುಡುಗಿಯರನ್ನು ತಂದರು. ಎಲ್ಲರ ಕಣ್ಣೂ ಲಂಗದ ಅಳತೆಯ ಮೇಲೆ. ಆದರೆ ಮೊದಲ ವರ್ಷವೇ ಮೊಹಾಲಿಯಲ್ಲಿ ನಡೆದದ್ದು ಎಷ್ಟು ಜನಕ್ಕೆ ಗೊತ್ತು? ಬ್ರಿಟನ್ನಿನಿಂದ ಬಂದಿದ್ದ ಇಬ್ಬರು ಕಪ್ಪು ಹುಡುಗಿಯರು, ನಮ್ಮ ಮೈಬಣ್ಣದ ಕಾರಣಕ್ಕೆ ನಮ್ಮನ್ನು ಮೈದಾನದಿಂದ ಹೊರಗಿಟ್ಟರು ಎಂದು ದೂರಿದರು. 2011ರಲ್ಲಿ ದಕ್ಷಿಣ ಆಫ್ರಿಕಾದ ಒಬ್ಬಳು, ಪಂದ್ಯದ ನಂತರದ ಪಾರ್ಟಿಗಳಲ್ಲಿ ಆಟಗಾರರು ನಡೆದುಕೊಳ್ಳುವ ರೀತಿಯನ್ನು ಬರೆದಳು. ನಮ್ಮನ್ನು ಮಾಂಸದ ತುಂಡಿನ ಹಾಗೆ ನೋಡುತ್ತಾರೆ ಎಂದಳು. ಫಲ? ಅವಳನ್ನು ಸೀದಾ ಊರಿಗೆ ಕಳಿಸಿದರು. ಸುಮ್ಮನೆ ಕುಣಿದರೆ ಕೆಲಸ, ಬಾಯಿ ತೆರೆದರೆ ವಿಮಾನದ ಟಿಕೆಟ್!

ಇನ್ನು ಬೆಂಗಳೂರಿನಲ್ಲಿ ಮೊದಲ ರಾತ್ರಿ ಕುಣಿದ ಆ ವಾಷಿಂಗ್ಟನ್ ತಂಡ. 2018ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದರ ಚಿಯರ್‌ಲೀಡರುಗಳ ಕಥೆ ಬಯಲಿಗೆಳೆಯಿತು. 2013ರಲ್ಲಿ ಕ್ಯಾಲೆಂಡರ್ ಫೋಟೋಗಾಗಿ ಅವರನ್ನು ಕೋಸ್ಟರಿಕಾಕ್ಕೆ ಕರೆದೊಯ್ದು, ಪಾಸ್‌ಪೋರ್ಟ್ ತೆಗೆದುಕೊಂಡು, ಕೆಲವರನ್ನು ಅರೆಬೆತ್ತಲೆ ನಿಲ್ಲಿಸಿ, ಪ್ರಾಯೋಜಕರನ್ನು ಎದುರಿಗೆ ಕೂರಿಸಿದ್ದರು ಎಂಬ ಆರೋಪ. ಕೊನೆಗೆ 2021ರಲ್ಲಿ ಆ ಚಿಯರ್‌ಲೀಡರ್ ಪಡೆಯನ್ನೇ ಮುಚ್ಚಿ, ಗಂಡು ಹೆಣ್ಣು ಇಬ್ಬರೂ ಇರುವ ನೃತ್ಯ ತಂಡ ಕಟ್ಟಿದರು. ಲಂಗದ ಉದ್ದ ಅಳೆದು ಬೈದ ನಮ್ಮ ರಾಜಕಾರಣಿಗಳಲ್ಲಿ ಒಬ್ಬರಾದರೂ, ಈ ಹುಡುಗಿಯರ ಕರಾರು ಪತ್ರ ತೋರಿಸಿ ಎಂದು ಕೇಳಿದ್ದರೇ?

ಮೂರನೇ ದಾರಿಯೂ ಇದೆ

ಬೇಕು ಅನ್ನುವವರು, ಬೇಡ ಅನ್ನುವವರು, ಇಬ್ಬರೇ ಇದ್ದಾರೆ ಅಂದುಕೊಂಡಿದ್ದೆವಲ್ಲ, ಮೂರನೇ ದಾರಿ ಹಿಡಿದವರೂ ಇದ್ದಾರೆ.

2014ರಲ್ಲಿ ಅಮೆರಿಕದ ಓಕ್ಲೆಂಡ್ ರೈಡರ್ಸ್ ಫುಟ್‌ಬಾಲ್ ತಂಡದ ಚಿಯರ್‌ಲೀಡರುಗಳು ಕೋರ್ಟಿಗೆ ಹೋದರು. ಅವರ ದೂರು ಇಷ್ಟೇ: ನಮ್ಮ ತಾಲೀಮು, ಪ್ರಚಾರ ಕಾರ್ಯಕ್ರಮ ಎಲ್ಲ ಲೆಕ್ಕ ಹಾಕಿದರೆ ಗಂಟೆಗೆ 5 ಡಾಲರೂ ಗಿಟ್ಟುವುದಿಲ್ಲ, ಇದು ಕನಿಷ್ಠ ಕೂಲಿಗಿಂತ ಕಡಿಮೆ. ಕೋಟಿ ಕೋಟಿ ಆಟಗಾರರ ತಂಡ ಅದು! ಕೊನೆಗೆ ತಂಡ 12.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2015ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನನ್ನೇ ಮಾಡಿತು. ವೃತ್ತಿಪರ ತಂಡಗಳ ಚಿಯರ್‌ಲೀಡರುಗಳು ನೌಕರರು, ಅವರಿಗೆ ಕನಿಷ್ಠ ವೇತನ ಕೊಡಲೇಬೇಕು. ಆ ಮಸೂದೆ ತಂದ ಶಾಸಕಿ ಲೊರೆನಾ ಗೊನ್ಸಾಲೆಸ್ ಕಾಲೇಜು ದಿನಗಳಲ್ಲಿ ತಾವೇ ಚಿಯರ್‌ಲೀಡರ್ ಆಗಿದ್ದವರು. ನೋಡಿ, ಮೇಜಿನ ಆಚೆ ಬದಿಗೆ ಆ ಕೆಲಸ ಮಾಡಿದವಳೇ ಕೂತರೆ ತೀರ್ಮಾನ ಹೇಗೆ ಬದಲಾಗುತ್ತೆ!

ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಬೆಂಗಳೂರಿನಲ್ಲಿ ಇಂಥದೇ ಕೆಲಸ ಮಾಡುತ್ತಿದ್ದಳು. ಬೈಕ್ ಬಿಡುಗಡೆ, ವಸ್ತುಪ್ರದರ್ಶನ, ಕ್ರೀಡಾಕೂಟ, ಎಲ್ಲಿ ಕರೆದರೆ ಅಲ್ಲಿ. ಅವಳಿಗೆ ಉಡುಪಿನ ಬಗ್ಗೆ ತಕರಾರಿರಲಿಲ್ಲ. ಅದು ಯೂನಿಫಾರಂ ಇದ್ದ ಹಾಗೆ ಎನ್ನುತ್ತಿದ್ದಳು. ತಕರಾರಿದ್ದದ್ದು ಬೇರೆ. ಎತ್ತರದ ಹಿಮ್ಮಡಿಯಲ್ಲಿ ದಿನವಿಡೀ ನಿಲ್ಲಬೇಕು, ಕೂರಲು ಸ್ಟೂಲ್ ಇಲ್ಲ. ಬಟ್ಟೆ ಬದಲಾಯಿಸಲು ಪರದೆ ಕಟ್ಟಿದ ಮೂಲೆ. ಸೆಲ್ಫಿ ನೆಪದಲ್ಲಿ ಹೆಗಲಿಗೆ ಕೈ ಹಾಕುವವರನ್ನು ತಡೆಯಲು ಒಬ್ಬ ಕಾವಲುಗಾರನೂ ಇಲ್ಲ. ದುಡ್ಡು ಏಜೆಂಟನ ಕೈಗೆ ಬಂದು, ಅವನ ಪಾಲು ಮುರಿದು, ಇವಳ ಕೈ ಸೇರುವಷ್ಟರಲ್ಲಿ ಎರಡು ತಿಂಗಳು. ಒಮ್ಮೆಯಂತೂ ಸೇರಲೇ ಇಲ್ಲ. ಕೇಳಲು ಹೋದರೆ ಕಾಗದ ಪತ್ರ ಎಲ್ಲಿದೆ ಎಂಬ ಪ್ರಶ್ನೆ. ಕಾಗದವನ್ನೇ ಕೊಟ್ಟಿರಲಿಲ್ಲವಲ್ಲ!

ಸಿನಿಮಾದ ಗ್ರೂಪ್ ಡ್ಯಾನ್ಸರುಗಳಿಗೆ ಎಷ್ಟೇ ಕಷ್ಟವಿದ್ದರೂ ಒಂದು ಸಂಘವಿದೆ, ಕಾಲ್‌ಷೀಟಿಗೆ ಇಂತಿಷ್ಟು ಅಂತ ಮಾತಿದೆ, ಜಗಳವಾದರೆ ಹೋಗಿ ಕೂರಲು ಒಂದು ಆಫೀಸಿದೆ. ಫಲಕ ಹಿಡಿದು ನಿಲ್ಲುವ ಹುಡುಗಿಗೆ ಏನಿದೆ? ಅವಳಿಗೆ ಕೊಡಬೇಕಾಗಿದ್ದು ಕರಾರು, ಕೂಲಿ, ಕೂರಲು ಕುರ್ಚಿ, ಬೇಡ ಎನ್ನುವ ಹಕ್ಕು. ಇವನ್ನೆಲ್ಲ ಕೊಡುವುದು ಖರ್ಚಿನ ಬಾಬತ್ತು. ಕಳಿಸಿಬಿಡುವುದಕ್ಕೆ ಒಂದು ಪ್ರಕಟಣೆ ಸಾಕು, ಅದರ ಮೇಲೆ ಒಳ್ಳೆಯವರು ಎಂಬ ಹೆಸರು ಬೇರೆ.

ಗೆರೆಯ ಆಚೆಯಿಂದ ಈಚೆಗೆ

ಹಾಗಾದರೆ ಗ್ರಿಡ್ ಗರ್ಲ್ಸ್ ವಾಪಸ್ ಬರಲಿ ಅಂತೀರಾ ಎಂದು ನೀವು ಕೇಳಬಹುದು. ಇಲ್ಲ, ಹಾಗನ್ನುವುದಿಲ್ಲ. ಯಾಕೆಂದರೆ ಆ ಫಲಕದ ಹಿಂದಿನ ಇನ್ನೊಂದು ಲೆಕ್ಕ ನೋಡಿ ನನಗೇ ದಿಗಿಲಾಯಿತು.

ಫಾರ್ಮುಲಾ ಒನ್ ವಿಶ್ವ ಪಂದ್ಯಾವಳಿ ಶುರುವಾದದ್ದು 1950ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆ ಗ್ರಿಡ್ಡಿನಲ್ಲಿ ಕಾರಿನ ಒಳಗೆ ಕೂತು ರೇಸ್ ಓಡಿದ ಹೆಂಗಸರು ಎಷ್ಟು ಜನ? ಇಬ್ಬರೇ! 1958ರಲ್ಲಿ ಮಾರಿಯಾ ತೆರೇಸಾ ಡಿ ಫಿಲಿಪ್ಪಿಸ್. 1975 ಮತ್ತು 76ರಲ್ಲಿ ಲೆಲ್ಲಾ ಲೊಂಬಾರ್ಡಿ. ಇಬ್ಬರೂ ಇಟಲಿಯವರು. ಲೊಂಬಾರ್ಡಿ 1975ರ ಸ್ಪೇನ್ ರೇಸಿನಲ್ಲಿ ಆರನೆಯವರಾಗಿ ಬಂದರು. ರೇಸ್ ಮಧ್ಯದಲ್ಲೇ ನಿಂತದ್ದರಿಂದ ಸಿಕ್ಕದ್ದು ಅರ್ಧ ಪಾಯಿಂಟು. ಫಾರ್ಮುಲಾ ಒನ್ ಇತಿಹಾಸದಲ್ಲಿ ಹೆಣ್ಣಿನ ಖಾತೆಯಲ್ಲಿರುವುದು ಆ ಅರ್ಧ ಪಾಯಿಂಟು ಮಾತ್ರ! ಕಾರಿನ ಮುಂದೆ ನಿಂತವರನ್ನು ಎಣಿಸಲಾಗದು, ಒಳಗೆ ಕೂತವರನ್ನು ಎಣಿಸಲು ಎರಡು ಬೆರಳು ಸಾಕು.

ಈ ಬಾಗಿಲು ಈಗ ನಿಧಾನವಾಗಿ ಕಿರ್ ಎನ್ನುತ್ತಿದೆ. 2023ರಲ್ಲಿ ಹುಡುಗಿಯರಿಗಾಗಿಯೇ ಎಫ್ 1 ಅಕಾಡೆಮಿ ಎಂಬ ರೇಸ್ ಸರಣಿ ಶುರುವಾಯಿತು. 2025ರಲ್ಲಿ ಹಾಸ್ ತಂಡ ಲಾರಾ ಮುಲ್ಲರ್ ಅವರನ್ನು ರೇಸ್ ಎಂಜಿನಿಯರ್ ಮಾಡಿತು. ಓಡುವ ಕಾರಿನ ಚಾಲಕನ ಕಿವಿಯಲ್ಲಿ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುವ ಆ ಕೆಲಸಕ್ಕೆ ಬಂದ ಮೊದಲ ಮಹಿಳೆ. ಅದೇ ವರ್ಷ ಬ್ರಾಡ್ ಪಿಟ್ಟನ ‘ಎಫ್ 1’ ಚಿತ್ರ ನೋಡಿದಿರಲ್ಲ? ಅದರಲ್ಲಿ ಕೆರಿ ಕಾಂಡನ್ ಮಾಡಿದ ಪಾತ್ರ ಯಾವುದು? ಕಾರಿನ ತಾಂತ್ರಿಕ ಮುಖ್ಯಸ್ಥೆ! ಹೀರೋ ಓಡಿಸುವ ಕಾರನ್ನು ರೂಪಿಸುವವಳು. ಹತ್ತು ವರ್ಷ ಮುಂಚೆ ಆ ಚಿತ್ರ ಬಂದಿದ್ದರೆ ನಾಯಕಿಯ ಕೈಗೆ ಏನು ಕೊಡುತ್ತಿದ್ದರು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಡಾರ್ಟ್ಸ್‌ನಲ್ಲಿ ಆದದ್ದಂತೂ ಥೇಟ್ ಸಿನಿಮಾ ಕ್ಲೈಮ್ಯಾಕ್ಸ್. 2018ರ ಜನವರಿಯಲ್ಲಿ ಸುಂದರಿಯರ ನಡಿಗೆ ನಿಂತಿತು. ಎರಡು ವರ್ಷ ತುಂಬುವ ಮೊದಲೇ, 2019ರ ಡಿಸೆಂಬರಿನಲ್ಲಿ, ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನ ವಿಶ್ವ ಪಂದ್ಯಾವಳಿಯಲ್ಲಿ ಸಂಗೀತ ಮೊಳಗಿತು, ದೀಪ ಬೆಳಗಿತು, ಒಬ್ಬಳು ಹೆಣ್ಣು ನಡೆದು ಬಂದಳು. ಈ ಸಲ ಪಕ್ಕದಲ್ಲಲ್ಲ, ಆಟಗಾರ್ತಿಯಾಗಿ. ಫಾಲನ್ ಶೆರಾಕ್ ಅವಳ ಹೆಸರು. ಟೆಡ್ ಎವೆಟ್ಸ್ ಎಂಬ ಗಂಡಾಳನ್ನು ಸೋಲಿಸಿ, ಆ ವಿಶ್ವ ಪಂದ್ಯಾವಳಿಯಲ್ಲಿ ಪಂದ್ಯ ಗೆದ್ದ ಮೊದಲ ಮಹಿಳೆಯಾದಳು. ಅಷ್ಟಕ್ಕೇ ನಿಲ್ಲದೆ ಮುಂದಿನ ಸುತ್ತಿನಲ್ಲಿ ಮೆನ್ಸುರ್ ಸುಲ್ಯೋವಿಚ್ ಎಂಬ ಘಟಾನುಘಟಿಯನ್ನೂ ಮಣಿಸಿದಳು. ಆ ಸಭೆ ಎದ್ದು ನಿಂತು ಕೂಗಿದ ಕೂಗು ಯಾವ ಸುಂದರಿಗೂ ಸಿಕ್ಕಿರಲಿಲ್ಲ.

ನಮ್ಮಲ್ಲೂ ನೋಡಿ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮರಳು, ಕಲ್ಲು, ಗುಂಡಿಗಳ ದಾರಿಯಲ್ಲಿ ಬೈಕ್ ಓಡಿಸಿ ಬಾಹಾ ವಿಶ್ವಕಪ್ಪಿನ ಮಹಿಳಾ ಪ್ರಶಸ್ತಿ ತಂದರು. ಇನ್ನು ‘ಈ ಸಲ ಕಪ್ ನಮ್ದೇ’ ಎಂದು ವರ್ಷವರ್ಷವೂ ಗಂಟಲು ಹರಿದುಕೊಂಡ ಆರ್.ಸಿ.ಬಿ. ಅಭಿಮಾನಿಗಳೇ, ನಿಮಗೆ ಮೊದಲ ಕಪ್ ತಂದುಕೊಟ್ಟವರು ಯಾರು? 2024ರ ಮಾರ್ಚಿನಲ್ಲಿ ಸ್ಮೃತಿ ಮಂಧಾನಾ ನಾಯಕತ್ವದ ಹುಡುಗಿಯರು! ಫೈನಲಿನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ಕಿತ್ತರು. ಗಂಡಸರು ಕಪ್ ಎತ್ತಿದ್ದು ಆಮೇಲೆ, 2025ರಲ್ಲಿ. 2008ರಲ್ಲಿ ಇದೇ ತಂಡದ ಹೆಸರಿನಲ್ಲಿ ಹುಡುಗಿಯರು ಇದ್ದದ್ದು ಬೌಂಡರಿ ಗೆರೆಯ ಆಚೆ. ಹದಿನಾರು ವರ್ಷದಲ್ಲಿ ಗೆರೆ ದಾಟಿ ಈಚೆ ಬಂದರು.

ಆದ್ದರಿಂದ ನನ್ನ ಮಾತು ಇಷ್ಟು. ಹುಡುಗಿಯನ್ನು ಚಿತ್ರದ ಚೌಕಟ್ಟಿನಿಂದ ಅಳಿಸಿಬಿಟ್ಟರೆ ಮರ್ಯಾದೆ ಕೊಟ್ಟಂತಾಗುವುದಿಲ್ಲ. ಒಂದು ಬಾಗಿಲು ಮುಚ್ಚುವವರು ಇನ್ನೊಂದು ಬಾಗಿಲು ತೆರೆಯಬೇಕು, ಅದಕ್ಕೂ ಮೊದಲು ಹೊರಗೆ ಹೋಗುವವಳ ಬಾಕಿ ಕೂಲಿ ಚುಕ್ತಾ ಮಾಡಬೇಕು. ಶೆರಾಕ್ ಗೆದ್ದಳು, ಸಂತೋಷ. ಅವಳಿಗಿಂತ ಮುಂಚೆ ಅದೇ ದಾರಿಯಲ್ಲಿ ನಗುತ್ತಾ ನಡೆದ ಹುಡುಗಿಯರು ಮುಂದಿನ ತಿಂಗಳ ಬಾಡಿಗೆಗೆ ಏನು ಮಾಡಿದರು ಎಂದು ಪಿ.ಡಿ.ಸಿ.ಯವರೂ ಕೇಳಲಿಲ್ಲ, ಅಭಿನಂದಿಸಿದ ಸಂಘದವರೂ ಕೇಳಲಿಲ್ಲ.

ಪದ್ಧತಿ ಪೂರ್ತಿ ಸತ್ತಿದೆ ಅಂತಲೂ ತಿಳಿಯಬೇಡಿ. ಜಪಾನಿನ ಕಾರ್ ರೇಸುಗಳಲ್ಲಿ ‘ರೇಸ್ ಕ್ವೀನ್’ಗಳು 2018ರ ಆಚೆಗೂ ಮುಂದುವರಿದರು, ಬೈಕ್ ರೇಸುಗಳಲ್ಲಿ ಕೊಡೆ ಹಿಡಿಯುವವರೂ ಉಳಿದರು, ಬಾಕ್ಸಿಂಗ್ ಕಣದಲ್ಲಿ ಸುತ್ತಿನ ನಂಬರು ತೋರಿಸುವವರೂ ಉಳಿದರು. ನಮ್ಮೂರಿನ ಟೂರ್ನಮೆಂಟಿಗೂ, ಶೋರೂಮಿಗೂ, ಆಡಿಯೋ ಬಿಡುಗಡೆಗೂ ಹುಡುಗಿಯರು ಬರುತ್ತಲೇ ಇರುತ್ತಾರೆ. ಮುಂದಿನ ಸಲ ಅಂಥವಳೊಬ್ಬಳು ಎದುರಿಗೆ ಕಂಡಾಗ ನೀವು ಅವಳ ಜೊತೆ ಫೋಟೋ ತೆಗೆಸಿಕೊಳ್ಳಬೇಕೆಂದರೆ ಮೊದಲು ಕೇಳಿ, ಕೈ ನಿಮ್ಮ ಜೇಬಿನಲ್ಲೇ ಇರಲಿ. ಅವಳು ಅಲ್ಲಿ ಡ್ಯೂಟಿಯ ಮೇಲಿದ್ದಾಳೆ, ನಿಮ್ಮ ಬಸ್ಸಿನ ಕಂಡಕ್ಟರ್ ಇದ್ದ ಹಾಗೆ.

ನೀವೇನಂತೀರಿ? ಬೇಕೋ, ಬೇಡವೋ? ಬರೆದು ತಿಳಿಸಿ. ಮನೆಯಲ್ಲಿ ಅಕ್ಕನೋ ತಂಗಿಯೋ ಇದ್ದರೆ ಅವರನ್ನೂ ಒಂದು ಮಾತು ಕೇಳಿ ಬರೆಯಿರಿ. ಈ ಚರ್ಚೆಯಲ್ಲಿ ಇಲ್ಲಿಯವರೆಗೆ ಗಂಡಸರ ಗಂಟಲೇ ಜಾಸ್ತಿಯಾಯಿತು, ನನ್ನದೂ ಸೇರಿ!